ಓದುಗರ ಪ್ರಶ್ನೆ: ಗ್ಯಾವಿನ್ ಹೇಸ್ಟಿಂಗ್ಸ್ ಅವರ ರಗ್ಬಿ ಬದುಕು

ಪ್ರಶ್ನೆ: ಹಳೆಯ ಪಂದ್ಯಗಳ ತುಣುಕುಗಳನ್ನು ನೋಡುತ್ತಿದ್ದಾಗ, 1991ರ ರಗ್ಬಿ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಸ್ಕಾಟ್ಲೆಂಡಿನ ಗ್ಯಾವಿನ್ ಹೇಸ್ಟಿಂಗ್ಸ್ ಎಂಬವರು ಗೋಲ್ ಕಂಬಗಳ ಎದುರಿನಿಂದಲೇ ಒದ್ದ ಪೆನಾಲ್ಟಿ ತಪ್ಪಿದ್ದನ್ನು ಕಂಡೆ. ಅಂಥ ಅವಕಾಶವನ್ನು ಕೈಚೆಲ್ಲಿದವರನ್ನು ಶ್ರೇಷ್ಠ ಆಟಗಾರರೆಂದು ಹೊಗಳುವುದೇಕೆ? ಹಾಕಿಯೊಂದನ್ನು ಬಿಟ್ಟು ಬೇರೆ ಆಟ ನನಗೆ ಅಷ್ಟಾಗಿ ತಿಳಿಯದು. — ಓದುಗರೊಬ್ಬರು, ಪೊನ್ನಂಪೇಟೆ

ಉತ್ತರ: ಮೊದಲು ಆ ಒದೆತದ ಸ್ವರೂಪವನ್ನು ತಿಳಿಯೋಣ. ಹಾಕಿಯ ಪೆನಾಲ್ಟಿ ಸ್ಟ್ರೋಕ್‌ನಲ್ಲಿ ಚೆಂಡಿಡುವ ಜಾಗ ಗೊತ್ತುಪಡಿಸಿದ್ದು, ಎದುರಿಗೆ ಗೋಲ್‌ಕೀಪರ್ ನಿಂತಿರುತ್ತಾನೆ. ರಗ್ಬಿಯ ಪೆನಾಲ್ಟಿಯಲ್ಲಿ ಚೆಂಡನ್ನು ತಡೆಯಲು ಯಾರೂ ಇರುವುದಿಲ್ಲ, ಆದರೆ ತಪ್ಪು ನಡೆದ ಜಾಗದಿಂದಲೇ ಒದೆಯಬೇಕಾದ್ದರಿಂದ ದೂರವೂ ಕೋನವೂ ಪ್ರತಿ ಸಲ ಬೇರೆಯಾಗುತ್ತವೆ. 5.6 ಮೀಟರ್ ಅಂತರದ ಎರಡು ಕಂಬಗಳ ನಡುವೆ, 3 ಮೀಟರ್ ಎತ್ತರದ ಅಡ್ಡಪಟ್ಟಿಯ ಮೇಲಿಂದ ಚೆಂಡು ಹಾದುಹೋದರೆ 3 ಅಂಕ ದೊರೆಯುತ್ತದೆ. ಎದುರಾಳಿಯ ಅಡ್ಡಿಯಿಲ್ಲದ ಕಾರಣ, ಗುರಿ ತಪ್ಪಿದರೆ ನೆಪ ಹೇಳಲು ದಾರಿಯಿರುವುದಿಲ್ಲ.

ಆ ಸೆಮಿಫೈನಲ್ 1991ರ ಅಕ್ಟೋಬರ್ 26ರಂದು ಎಡಿನ್‌ಬರೋದ ಮರೇಫೀಲ್ಡ್ ಮೈದಾನದಲ್ಲಿ, ಇಂಗ್ಲೆಂಡಿನ ವಿರುದ್ಧ ನಡೆಯಿತು. 6-6ರ ಸಮಬಲದಲ್ಲಿದ್ದಾಗ ಆ ಅವಕಾಶ ಬಂತು, ಚೆಂಡು ಕಂಬದ ಹೊರಗೆ ಹೋಯಿತು, ಬಳಿಕ ಇಂಗ್ಲೆಂಡಿನ ರಾಬ್ ಆಂಡ್ರ್ಯೂ ಅವರ ಡ್ರಾಪ್ ಗೋಲಿನಿಂದ (ಆಟ ನಡೆಯುತ್ತಿರುವಾಗಲೇ ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿದಾಗ ಕಂಬಗಳ ನಡುವೆ ಒದೆಯುವುದು) ಪಂದ್ಯ 9-6ಕ್ಕೆ ಮುಗಿಯಿತು. ತಾವು ನೋಡಿದ ತುಣುಕಿನಲ್ಲಿ ಬಹುಶಃ ಇಲ್ಲದ ಒಂದು ಸಂಗತಿಯನ್ನು ಇಲ್ಲಿ ಸೇರಿಸಬೇಕು: ಸ್ಕಾಟ್ಲೆಂಡಿನ ಆ 6 ಅಂಕಗಳೂ ಹೇಸ್ಟಿಂಗ್ಸ್ ಅವರ ಕಾಲಿನಿಂದಲೇ ಬಂದಿದ್ದವು. ತಂಡವನ್ನು ಅಲ್ಲಿಯವರೆಗೆ ತಂದವರೇ ಕೊನೆಗೆ ತಪ್ಪಿದರು ಎಂಬುದಕ್ಕೂ, ಅವರು ತಪ್ಪಿದ್ದರಿಂದ ತಂಡ ಸೋತಿತು ಎಂಬುದಕ್ಕೂ ಬಹಳ ಅಂತರವಿದೆ.

ಈ ಆಟಗಾರನ ಸ್ವಭಾವವನ್ನು ತಿಳಿಯಲು ಅವರ ಮೊದಲ ಅಂತರರಾಷ್ಟ್ರೀಯ ಪಂದ್ಯಕ್ಕೆ ಹೋಗಬೇಕೆಂಬುದು ನನ್ನ ಅಭಿಪ್ರಾಯ. 1986ರ ಜನವರಿಯಲ್ಲಿ, ಅದೇ ಮರೇಫೀಲ್ಡ್‌ನಲ್ಲಿ, ಫ್ರಾನ್ಸಿನ ವಿರುದ್ಧ ಪಂದ್ಯ ಆರಂಭಿಸುವ ಒದೆತವನ್ನು 24 ವರ್ಷದ ಹೇಸ್ಟಿಂಗ್ಸ್ ಅವರಿಗೆ ಒಪ್ಪಿಸಲಾಗಿತ್ತು. ಅವರು ಒದ್ದ ಚೆಂಡು ನೆಲ ಮುಟ್ಟದೆ ನೇರವಾಗಿ ಅಂಚಿನ ಗೆರೆಯಾಚೆ ಹೋಯಿತು. ಇನ್ನು ಮೈದಾನದ ನಡುವೆ ಸ್ಕ್ರಮ್ (ಎರಡೂ ತಂಡದವರು ಗುಂಪುಕಟ್ಟಿ ತಳ್ಳಾಡಿ ಚೆಂಡಿಗಾಗಿ ಸೆಣಸುವುದು) ನಡೆಯುವುದೆಂದು ಭಾವಿಸಿ ಸ್ಕಾಟ್ಲೆಂಡಿನವರು ಬೆನ್ನು ತಿರುಗಿಸಿ ನಡೆಯುತ್ತಿದ್ದರೆ, ಫ್ರಾನ್ಸಿನವರು ಥಟ್ಟನೆ ಚೆಂಡನ್ನು ಒಳಕ್ಕೆಸೆದು ಓಡಿದರು. ಪಿಯರ್ ಬರ್ಬಿಜಿಯೆ ಟ್ರೈ ಗಳಿಸಿಯೂ ಬಿಟ್ಟರು, ಅಂದರೆ ಚೆಂಡನ್ನು ಎದುರಾಳಿಯ ಗೋಲ್ ಗೆರೆಯಾಚೆ ನೆಲಕ್ಕೆ ಮುಟ್ಟಿಸಿದರು. ಪಂದ್ಯಕ್ಕೆ ಆಗ ಒಂದು ನಿಮಿಷವೂ ಸರಿಯಾಗಿ ತುಂಬಿರಲಿಲ್ಲ. ಮೊದಲ ಪಂದ್ಯದ ಮೊದಲ ಸ್ಪರ್ಶವೇ ಹೀಗಾದರೆ ಯಾವ ಆಟಗಾರನಾದರೂ ಕುಗ್ಗಿಹೋಗುವುದು ಸಹಜ. ಹೇಸ್ಟಿಂಗ್ಸ್ ಅಂದು ಒಂದಾದ ಮೇಲೊಂದರಂತೆ ಆರು ಪೆನಾಲ್ಟಿಗಳನ್ನು ಕಂಬಗಳ ನಡುವೆ ಕಳುಹಿಸಿದರು. ಫ್ರಾನ್ಸ್ ಎರಡು ಟ್ರೈ ಗಳಿಸಿದರೂ ಸ್ಕಾಟ್ಲೆಂಡ್ ಒಂದೂ ಟ್ರೈ ಇಲ್ಲದೆ 18-17ರಿಂದ ಗೆದ್ದಿತು. ಮರುತಿಂಗಳು ಇಂಗ್ಲೆಂಡಿನ ವಿರುದ್ಧ 33-6ರ ಗೆಲುವಿನಲ್ಲಿ 21 ಅಂಕ ಅವರವೇ ಆಗಿದ್ದವು.

1991ರ ನಂತರವೂ ಹೀಗೆಯೇ ಆಯಿತು. ಒದೆಯುವ ಹೊಣೆಯನ್ನು ಅವರು ಬೇರೆಯವರ ಹೆಗಲಿಗೆ ದಾಟಿಸಲಿಲ್ಲ; 1992ರಲ್ಲಿ ಡೇವಿಡ್ ಸೋಲ್ ನಿವೃತ್ತರಾದ ಮೇಲೆ ನಾಯಕತ್ವವೂ ಅವರಿಗೇ ಬಂತು. 1993ರಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ಆಯ್ದ ಆಟಗಾರರ ಲಯನ್ಸ್ ತಂಡವನ್ನು ನ್ಯೂಜಿಲೆಂಡಿಗೆ ಕರೆದೊಯ್ದರು. ಮೊದಲ ಟೆಸ್ಟಿನಲ್ಲಿ ಲಯನ್ಸ್ ಗಳಿಸಿದ 18 ಅಂಕಗಳನ್ನೂ ಆರು ಪೆನಾಲ್ಟಿಗಳಿಂದ ಅವರೊಬ್ಬರೇ ತಂದಿತ್ತರೂ, ಗ್ರಾಂಟ್ ಫಾಕ್ಸ್ ಅವರ ಕೊನೆಗಳಿಗೆಯ ಪೆನಾಲ್ಟಿಯಿಂದ ನ್ಯೂಜಿಲೆಂಡ್ 20-18ರಿಂದ ಗೆದ್ದಿತು. ಎರಡನೆಯದನ್ನು ಲಯನ್ಸ್ ಗೆದ್ದು, ಮೂರನೆಯದನ್ನು ಸೋತು, ಸರಣಿಯನ್ನು 2-1ರಿಂದ ಬಿಟ್ಟುಕೊಟ್ಟಿತು.

ಅವರ ಆಟವನ್ನು ಮೊದಲ ಬಾರಿಗೆ ನೋಡುವವರಿಗೆ ನಾನು ತೋರಿಸಬಯಸುವುದು 1995ರ ಫೆಬ್ರವರಿಯ ಪ್ಯಾರಿಸ್ ಪಂದ್ಯದ ಕೊನೆಯ ನಿಮಿಷಗಳನ್ನು. 1969ರ ನಂತರ ಸ್ಕಾಟ್ಲೆಂಡ್ ಆ ಊರಿನಲ್ಲಿ ಗೆದ್ದಿರಲಿಲ್ಲ. ಅಂದೂ 21-16ರಿಂದ ಹಿಂದಿತ್ತು. ಗ್ರೆಗರ್ ಟೌನ್‌ಸೆಂಡ್ ತಮ್ಮನ್ನು ಹಿಡಿಯಲು ಬಂದವರನ್ನು ಸೆಳೆದುಕೊಂಡು, ಅವರ ಕೈಗಳ ನಡುವಿನಿಂದಲೇ ಒಂದೇ ಕೈಯಲ್ಲಿ ಚೆಂಡನ್ನು ಒಳಬದಿಗೆ ಜಾರಿಸಿದರು. ಭರದಿಂದ ಬಂದ ಹೇಸ್ಟಿಂಗ್ಸ್ ಅದನ್ನು ಹಿಡಿದು, ತಲೆ ಹಿಂದಕ್ಕೆ ಚೆಲ್ಲಿ, ಯಾರ ಕೈಗೂ ಸಿಗದೆ ಕಂಬಗಳ ಕೆಳಕ್ಕೆ ಓಡಿದರು. ಟ್ರೈಗೆ 5 ಅಂಕ, ಬಳಿಕ ತಾವೇ ಒದ್ದ ಕನ್ವರ್ಷನ್‌ಗೆ (ಟ್ರೈ ನಂತರ ಸಿಗುವ ಹೆಚ್ಚುವರಿ ಒದೆತಕ್ಕೆ) 2 ಅಂಕ, 23-21. ಎತ್ತರದ, ದಪ್ಪ ಮೈಕಟ್ಟಿನ ಫುಲ್‌ಬ್ಯಾಕ್ (ತಂಡದ ಎಲ್ಲರ ಹಿಂದೆ ನಿಲ್ಲುವ ಆಟಗಾರ) ಹೀಗೆ ಓಡುವುದನ್ನು ಕಂಡವರಿಗೆ, ಅವರನ್ನು ಬರಿಯ ಒದೆತದ ಆಟಗಾರರೆಂದು ಅಳೆಯುವುದು ಸರಿಯಲ್ಲವೆಂದು ತಾನಾಗಿ ಹೊಳೆಯುತ್ತದೆ.

ಒಟ್ಟು ಲೆಕ್ಕ ಬೇಕಿದ್ದರೆ: ಸ್ಕಾಟ್ಲೆಂಡಿಗಾಗಿ 61 ಪಂದ್ಯ, 667 ಅಂಕ. ಅವರ ದೇಶದ ದಾಖಲೆಯಾಗಿದ್ದ ಆ ಮೊತ್ತವನ್ನು ಮುಂದೆ ಕ್ರಿಸ್ ಪ್ಯಾಟರ್‌ಸನ್ ದಾಟಿದರು. ಮೂರು ವಿಶ್ವಕಪ್‌ಗಳಲ್ಲಿ ಗಳಿಸಿದ 227 ಅಂಕಗಳನ್ನು ಮೀರಿಸಲು ಇಂಗ್ಲೆಂಡಿನ ಜಾನಿ ವಿಲ್ಕಿನ್‌ಸನ್ ಅವರಿಗೆ 2007ರವರೆಗೆ ಹಿಡಿಯಿತು. ಐವರಿ ಕೋಸ್ಟ್ ವಿರುದ್ಧ 1995ರಲ್ಲಿ ಒಂದೇ ಪಂದ್ಯದಲ್ಲಿ ಗಳಿಸಿದ 44 ಅಂಕಗಳಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ; 89-0ರ ಪಂದ್ಯ ಯಾರ ಅಳತೆಗೋಲೂ ಆಗಲಾರದು.

ಪ್ರಶ್ನೆ: ನಮ್ಮ ಒಕ್ಕಗಳ (ಮನೆತನಗಳ) ನಡುವಿನ ಹಾಕಿಯಲ್ಲಿ ಅಣ್ಣತಮ್ಮಂದಿರು ಒಂದೇ ತಂಡದಲ್ಲಿ ಆಡುವುದು ಸಾಮಾನ್ಯ. ಹೇಸ್ಟಿಂಗ್ಸ್ ಅವರಿಗೂ ಆಟಗಾರ ತಮ್ಮನಿದ್ದರೆಂದು ಕೇಳಿದ್ದೇನೆ, ನಿಜವೇ? — ಓದುಗರೊಬ್ಬರು, ನಾಪೋಕ್ಲು

ಉತ್ತರ: ನಿಜ. ತಮ್ಮ ಸ್ಕಾಟ್ ಹೇಸ್ಟಿಂಗ್ಸ್ ಅವರು ಸೆಂಟರ್, ಅಂದರೆ ಹಿಂಸಾಲಿನ ನಡುವಿನ ಸ್ಥಾನದ ಆಟಗಾರರಾಗಿದ್ದರು. ಮೇಲೆ ಹೇಳಿದ 1986ರ ಫ್ರಾನ್ಸ್ ಪಂದ್ಯವೇ ಅವರಿಗೂ ಮೊದಲನೆಯದು. ಅಣ್ಣತಮ್ಮಂದಿರಿಬ್ಬರೂ ಒಂದೇ ದಿನ ಸ್ಕಾಟ್ಲೆಂಡಿನ ನೀಲಿ ಅಂಗಿ ತೊಟ್ಟರು. 1989ರಲ್ಲಿ ಆಸ್ಟ್ರೇಲಿಯಾ ಪ್ರವಾಸದ ಲಯನ್ಸ್ ತಂಡದಲ್ಲಿಯೂ ಇಬ್ಬರೂ ಜೊತೆಯಾಗಿ ಟೆಸ್ಟ್ ಆಡಿದರು. ಮೊದಲ ಟೆಸ್ಟ್ ಸೋತ ಬಳಿಕ ಉಳಿದೆರಡನ್ನೂ ಗೆದ್ದ ಆ ಸರಣಿಯ ಎರಡನೇ ಟೆಸ್ಟಿನಲ್ಲಿ, ಕೊನೆಯ ಹಂತದಲ್ಲಿ ಅಣ್ಣ ಗಳಿಸಿದ ಟ್ರೈ ನಿರ್ಣಾಯಕವಾಯಿತು. ಪಂದ್ಯಗಳ ಲೆಕ್ಕದಲ್ಲಿ ಮಾತ್ರ ಸ್ಕಾಟ್ಲೆಂಡಿನ ಪರ 65 ಸಲ ಆಡಿದ ತಮ್ಮನೇ ಮುಂದು.

ಪ್ರಶ್ನೆ: ಇಂಗ್ಲೆಂಡ್-ಸ್ಕಾಟ್ಲೆಂಡ್ ರಗ್ಬಿ ಪಂದ್ಯದ ಬಹುಮಾನಕ್ಕೆ ಕಲ್ಕತ್ತಾ ಕಪ್ ಎಂಬ ಹೆಸರೇಕೆ? ಹೇಸ್ಟಿಂಗ್ಸ್ ಅದನ್ನು ಗೆದ್ದಿದ್ದರೇ? — ವಿದ್ಯಾರ್ಥಿನಿ, ಮಡಿಕೇರಿ

ಉತ್ತರ: ಕಲ್ಕತ್ತೆಯ ಬ್ರಿಟಿಷರು 1870ರ ದಶಕದಲ್ಲಿ ನಡೆಸುತ್ತಿದ್ದ ರಗ್ಬಿ ಫುಟ್‌ಬಾಲ್ ಕ್ಲಬ್ಬು ಮುಚ್ಚುವಾಗ, ಬ್ಯಾಂಕಿನಲ್ಲಿದ್ದ ಹಣವನ್ನು ಬೆಳ್ಳಿ ರೂಪಾಯಿಗಳಾಗಿ ಪಡೆದು, ಕರಗಿಸಿ ಮಾಡಿಸಿದ ಬಟ್ಟಲದು. ಮೂರು ಹಿಡಿಕೆಗಳೂ ನಾಗರಹಾವಿನ ಆಕಾರದಲ್ಲಿವೆ, ಮುಚ್ಚಳದ ಮೇಲೆ ಆನೆ ನಿಂತಿದೆ. 1879ರಿಂದ ಎರಡೂ ದೇಶಗಳು ಅದಕ್ಕಾಗಿ ಸೆಣಸುತ್ತಿವೆ. ಹೇಸ್ಟಿಂಗ್ಸ್ ಅವರ ಕಾಲದ ಅತಿ ದೊಡ್ಡ ಗೆಲುವು 1990ರ ಮಾರ್ಚ್ 17ರದು; ಕಲ್ಕತ್ತಾ ಕಪ್ಪಿನೊಂದಿಗೆ ಗ್ರಾಂಡ್ ಸ್ಲಾಮ್, ಅಂದರೆ ಐದು ರಾಷ್ಟ್ರಗಳ ಟೂರ್ನಿಯ ಎಲ್ಲ ಪಂದ್ಯಗಳನ್ನು ಗೆಲ್ಲುವ ಗೌರವವೂ ಅಂದಿನ ಪಂದ್ಯದ ಮೇಲೆ ನಿಂತಿತ್ತು. ಹೇಸ್ಟಿಂಗ್ಸ್ ಮುಂದಕ್ಕೆ ಒದ್ದ ಚೆಂಡನ್ನು ಬೆನ್ನಟ್ಟಿ ಟೋನಿ ಸ್ಟ್ಯಾಂಗರ್ ಟ್ರೈ ಗಳಿಸಿದರು. ಸ್ಕಾಟ್ಲೆಂಡ್ 13-7ರಿಂದ ಗೆದ್ದಿತು.

ಪ್ರಶ್ನೆ: ಇಷ್ಟು ಆಡಿ ಅವರು ಗಳಿಸಿದ ಹಣವೆಷ್ಟು? — ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ದೇಶಕ್ಕಾಗಿ ರಗ್ಬಿ ಯೂನಿಯನ್ (ಅವರು ಆಡುತ್ತಿದ್ದ ರಗ್ಬಿ ಪ್ರಕಾರ) ಆಡಿದ್ದಕ್ಕೆ ಸಂಬಳವಿರಲಿಲ್ಲ. ಆ ಆಟ ಹವ್ಯಾಸಿಗಳದ್ದೆಂಬ ನಿಯಮ ಸಡಿಲವಾದದ್ದು 1995ರ ಆಗಸ್ಟಿನಲ್ಲಿ. ಅದೇ ವರ್ಷದ ಜೂನ್ ತಿಂಗಳಲ್ಲಿ, ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ನ್ಯೂಜಿಲೆಂಡಿಗೆ 48-30ರಿಂದ ಸೋತ ಪಂದ್ಯದೊಂದಿಗೆ ಹೇಸ್ಟಿಂಗ್ಸ್ ಅಂತರರಾಷ್ಟ್ರೀಯ ಆಟ ಮುಗಿಸಿದ್ದರು. ಮರುವರ್ಷ ಅವರು ಸ್ಕಾಟಿಷ್ ಕ್ಲೇಮೋರ್ಸ್ ಎಂಬ ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ತಂಡ ಸೇರಿ ಅದರ ಪರ ಚೆಂಡು ಒದ್ದರು. ಆ ವರ್ಷ ವರ್ಲ್ಡ್ ಬೌಲ್ ಎಂಬ ಲೀಗ್ ಪ್ರಶಸ್ತಿ ಗೆದ್ದ ಆ ತಂಡ ಫೈನಲ್ ಆಡಿದ್ದು ಮರೇಫೀಲ್ಡ್‌ನಲ್ಲಿಯೇ.