ಡಿಗ್ರಿ ಮುಗಿದು ವರ್ಷವಾಯಿತು, ಖಾಯಂ ಕೆಲಸ ಇಲ್ಲ. ಕಾಸರಗೋಡಿನಲ್ಲಿ ನಮ್ಮಂಥವರು ಏನು ಮಾಡುತ್ತಾರೆ?

ಮನೆ ಕುಂಬಳೆ ಹತ್ತಿರ, ಓದಿದ್ದು ಕನ್ನಡ ಮಾಧ್ಯಮದಲ್ಲಿ, ಡಿಗ್ರಿ ಮುಗಿದು ವರ್ಷವಾದರೂ ಖಾಯಂ ಕೆಲಸ ಸಿಕ್ಕಿಲ್ಲ, ಉಳಿದವರು ಈ ಸಮಯವನ್ನು ಹೇಗೆ ಕಳೆಯುತ್ತಾರೆ ಅಂತ ಕೇಳಿದ್ದೀರಿ. ನಾನು ಬದಿಯಡ್ಕದ ಕಡೆಯವಳು. ಬಿಎಸ್ಸಿ ಗಣಿತ, ಆಮೇಲೆ ಬಿಎಡ್. ಓದು ಮುಗಿದ ಮೇಲೆ ನಾಲ್ಕು ವರ್ಷ ನನಗೂ ಖಾಯಂ ಕೆಲಸ ಇರಲಿಲ್ಲ. ಮದುವೆ ಮನೆಗೆ ಹೋದರೆ ಊಟದ ಪಂಕ್ತಿಯಲ್ಲೇ ಯಾರಾದರೂ "ಕೆಲಸ ಆಯ್ತಾ?" ಅನ್ನುತ್ತಿದ್ದರು. "ಇಲ್ಲ" ಅನ್ನಬೇಕಿತ್ತು. ಹಿಂದಿನ ದಿನವಷ್ಟೇ ಐದು ಪೀರಿಯಡ್ ಪಾಠ ಮಾಡಿ ಗಂಟಲು ಕಟ್ಟಿಕೊಂಡಿರುತ್ತಿದ್ದೆ. ಆದರೂ ಉತ್ತರ "ಇಲ್ಲ" ಅಂತಲೇ.

ನಮ್ಮ ಕಡೆ ಬಿಎಡ್ ಆದವರಲ್ಲಿ ತುಂಬಾ ಜನ ಮಾಡುವುದು ಇದನ್ನೇ, ದಿನಗೂಲಿ ಅಧ್ಯಾಪಕರ ಕೆಲಸ. ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಪೇಪರಿನಲ್ಲಿ ನಾಲ್ಕು ಸಾಲಿನ ಸುದ್ದಿ ಬರುತ್ತದೆ. ಇಂಥ ಶಾಲೆಯಲ್ಲಿ ಹುದ್ದೆ ಖಾಲಿ ಇದೆ, ಮೂಲ ಪ್ರಮಾಣಪತ್ರಗಳ ಜೊತೆ ಸಂದರ್ಶನಕ್ಕೆ ಬನ್ನಿ ಅಂತ. ಒಂದು ಹುದ್ದೆಗೆ ಹದಿನೈದು ಜನ ಫೈಲು ಹಿಡಿದು ಬೆಂಚಿನಲ್ಲಿ ಕೂತಿರುತ್ತೇವೆ, ಅರ್ಧಕ್ಕರ್ಧ ನಮ್ಮದೇ ಕ್ಲಾಸಿನವರು. ಸಿಕ್ಕಿದರೆ ಕೆಲಸ ಮಾಡಿದ ದಿನಕ್ಕೆ ಮಾತ್ರ ಸಂಬಳ. ಪಿಎಸ್‌ಸಿಯಿಂದ, ಅಂದರೆ ಕೇರಳದ ಲೋಕಸೇವಾ ಆಯೋಗದಿಂದ, ಖಾಯಂ ಟೀಚರ್ ಬಂದ ದಿನ ನಾವು ಇಳಿಯಬೇಕು. ಒಂದು ಸಲ ನವೆಂಬರ್‌ನಲ್ಲಿ, ಪಾಠದ ನಡುವೆಯೇ ನನಗೆ ಹಾಗಾಯಿತು. ಕರಿಹಲಗೆಯ ಮೇಲೆ ಅರ್ಧ ಮಾಡಿದ ಲೆಕ್ಕ ಹಾಗೇ ಇತ್ತು.

ಆದರೂ ಆ ಕೆಲಸವನ್ನು ನಾನು ಚಿಕ್ಕದು ಅನ್ನುವುದಿಲ್ಲ. 1956ರಲ್ಲಿ ರಾಜ್ಯಗಳ ಗಡಿ ಬರೆದಾಗ ನಾವು ಕೇರಳಕ್ಕೆ ಸೇರಿದೆವು, ಕನ್ನಡ ಶಾಲೆಗಳು ಇಲ್ಲೇ ಉಳಿದವು. ಆ ಶಾಲೆಗಳಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ, ಪೋಷಕರು ಗೇಟಿನ ಮುಂದೆ ಕೂತದ್ದನ್ನು ನೀವೂ ನೋಡಿರಬಹುದು. ಮಕ್ಕಳ ಮನೆಮಾತು ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಹೀಗೆ ಒಬ್ಬೊಬ್ಬರದು ಒಂದೊಂದು. ಅವರಿಗೆಲ್ಲ ಪಾಠದ ಭಾಷೆ ಕನ್ನಡ. ಆರನೇ ಕ್ಲಾಸಿನಲ್ಲಿ ಭಿನ್ನರಾಶಿ ಮಾಡುವಾಗ "ನಾಲ್ಕನೇ ಮೂರು" ಅಂದರೆ ಹಿಂದಿನ ಬೆಂಚಿನ ಹುಡುಗ ಕಣ್ಣು ಪಿಳಿಪಿಳಿ ಬಿಡುತ್ತಿದ್ದ. "ಮುಕ್ಕಾಲು" ಅಂದೆ. ತಕ್ಷಣ ಮುಖ ಅರಳಿತು. ಮಲಯಾಳದಲ್ಲೂ ಅದು ಮುಕ್ಕಾಲ್, ತುಳು ಮಾತಾಡುವವರಿಗೂ ಗೊತ್ತು. ಅಲ್ಲಿಂದ ಮುಂದೆ ಅರ್ಧ, ಕಾಲು, ಮುಕ್ಕಾಲಿನಿಂದಲೇ ಶುರು ಮಾಡಿ ಅಂಶ, ಛೇದಕ್ಕೆ ಬಂದೆ. ಇದು ಬಿಎಡ್‌ನಲ್ಲಿ ಸಿಕ್ಕಿದ್ದಲ್ಲ, ದಿನಗೂಲಿಯಲ್ಲಿ ಸಿಕ್ಕಿದ್ದು.

ಇನ್ನು ನನ್ನ ತಮ್ಮ. ಬಿಕಾಂ. ಅವನು ಹಿಡಿದದ್ದು ದೋಟಿ, ಅಂದರೆ ಮರದ ತುದಿಗೆ ಎಟುಕುವ ಉದ್ದನೆಯ ಕೋಲು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಮದ್ದು ಬಿಡಬೇಕಲ್ವಾ, ಮರ ಹತ್ತುವವರು ಈಗ ತೀರಾ ಕಡಿಮೆ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲಿ ನಿಂತೇ ಗೊನೆಗೆ ಮದ್ದು ಬಿಡಬಹುದು. ಅವನೂ ಇಬ್ಬರು ಗೆಳೆಯರೂ, ಮೂವರೂ ಡಿಗ್ರಿಯವರು, ದುಡ್ಡು ಸೇರಿಸಿ ಒಂದು ದೋಟಿ ತೆಗೆದುಕೊಂಡರು. ಬೋರ್ಡೋ ಅನ್ನುವ ಆ ಮದ್ದು ಕೂಡಿಸುವುದನ್ನು ನೀವೊಮ್ಮೆ ನೋಡಬೇಕು. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್) ಐವತ್ತು ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೈವತ್ತು ಲೀಟರಿನಲ್ಲಿ, ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸುತ್ತಾರೆ. ತಿಳಿನೀಲಿ ಬಣ್ಣ ಬರುತ್ತದೆ. ಅದರಲ್ಲಿ ಕಬ್ಬಿಣದ ಕತ್ತಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆದು ನೋಡುತ್ತಾನೆ. ಅಲಗಿನ ಮೇಲೆ ಕೆಂಪು ಹತ್ತಿದ್ದರೆ ಸುಣ್ಣ ಸಾಲದು ಅಂತ, ಇನ್ನಷ್ಟು ಹಾಕಬೇಕು. ಇಲ್ಲದಿದ್ದರೆ ಗೊನೆ ಸುಟ್ಟುಹೋಗುತ್ತದೆ. ಜೂನ್, ಜುಲೈಯಲ್ಲಿ ಒಂದು ದಿನ ಬಿಸಿಲು ಕಂಡರೆ ಸಾಕು, ಬೆಳಿಗ್ಗೆ ಆರಕ್ಕೇ ತೋಟದವರ ಫೋನು. ಒಂದು ಮಾತು ಮಾತ್ರ ಹೇಳಲೇಬೇಕು. ತೋಟದಲ್ಲಿ ಕರೆಂಟ್ ಲೈನ್ ಹಾದುಹೋಗಿದ್ದರೆ ಆ ಕಡೆ ದೋಟಿ ಎತ್ತಲೇಬೇಡಿ. ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ.

ಉಳಿದವರು? ನನ್ನ ಜೊತೆ ಓದಿದ ಒಬ್ಬಳು ಅಕ್ಷಯ ಕೇಂದ್ರದಲ್ಲಿ, ಅಂದರೆ ಸರ್ಕಾರದ ಆನ್‌ಲೈನ್ ಸೇವೆಗಳ ಕೇಂದ್ರದಲ್ಲಿ, ಅರ್ಜಿ ತುಂಬಿಸುತ್ತಾಳೆ. ಮಲಯಾಳ ಓದಲು ಬಾರದ ಹಿರಿಯರಿಗೆ ಅವಳೇ ದಿಕ್ಕು. ಸಂಜೆ ಟ್ಯೂಷನ್ ಅಂತೂ ಮನೆಮನೆಯಲ್ಲಿದೆ. ಬೆಳಗಿನ ರೈಲಿಗೆ ಮಂಗಳೂರಿಗೆ ಹೋಗಿ ಅರ್ಧ ದಿನ ಅಂಗಡಿಯಲ್ಲಿ ಲೆಕ್ಕ ಬರೆದು ಬರುವವರಿದ್ದಾರೆ. ಎಂಎ ಕನ್ನಡ ಮಾಡಿದ ಒಬ್ಬ ಗೆಳೆಯ ಯಕ್ಷಗಾನ ಮೇಳದಲ್ಲಿ ಮದ್ದಳೆ ಬಾರಿಸುತ್ತಾನೆ. ಮೇಳದ ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ ಪೂರ್ತಿ ಪರೀಕ್ಷೆಗೆ ಓದುತ್ತಾನೆ.

ಈಗ ಪರೀಕ್ಷೆಯ ವಿಷಯ. ಪಿಎಸ್‌ಸಿಯ ತುಳಸಿ ಸೈಟಿನಲ್ಲಿ ಒಂದು ಸಲದ ನೋಂದಣಿ ಇನ್ನೂ ಮಾಡಿಲ್ಲ ಅಂದರೆ ಇವತ್ತೇ ಮಾಡಿ. ಕನ್ನಡ ಮಾಧ್ಯಮದ ಅಧ್ಯಾಪಕ ಹುದ್ದೆ, ಕನ್ನಡ ಮಲಯಾಳ ಎರಡೂ ಬಲ್ಲ ಕ್ಲರ್ಕ್ ಹುದ್ದೆ ನಮ್ಮ ಜಿಲ್ಲೆಗೆಂದೇ ಬರುತ್ತವೆ. ಅರ್ಜಿ ಹಾಕಿದರೆ ಮುಗಿಯಿತು ಅಂದುಕೊಳ್ಳಬೇಡಿ. ಪರೀಕ್ಷೆ ಬರೆಯುತ್ತೇನೆ ಅಂತ ನಿಗದಿತ ದಿನದೊಳಗೆ ಮತ್ತೆ ಕನ್ಫರ್ಮೇಷನ್ ಕೊಡಬೇಕು. ನಾನು ಒಮ್ಮೆ ಅದನ್ನು ಮರೆತೆ. ಹಾಲ್ ಟಿಕೆಟ್ ಬರಲೇ ಇಲ್ಲ. ರ‍್ಯಾಂಕ್ ಲಿಸ್ಟ್ ಒಂದು ಬಂತು ಅಂದರೆ ಹೆಚ್ಚೆಂದರೆ ಮೂರು ವರ್ಷ ಇರುತ್ತದೆ, ಅಂದರೆ ಮುಂದಿನ ಅವಕಾಶಕ್ಕೆ ಅಷ್ಟು ಕಾಯಬೇಕಾಗಬಹುದು. ಆ ರಾತ್ರಿ ಅಮ್ಮನ ಹತ್ತಿರ ಕೂತು ಅತ್ತಿದ್ದು ಈಗಲೂ ನೆನಪಿದೆ. ನಿಮಗೆ ಹಾಗಾಗುವುದು ಬೇಡ.

ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನಲ್ಲೂ ಹೆಸರು ಬರೆಸಿಡಿ. ಅಲ್ಲಿಂದ ಸರ್ಕಾರಿ ಕಚೇರಿಗಳಿಗೆ 179 ದಿನದ ತಾತ್ಕಾಲಿಕ ಕೆಲಸ ಬರುವುದುಂಟು. ಮೂರು ವರ್ಷಕ್ಕೊಮ್ಮೆ ನವೀಕರಿಸದಿದ್ದರೆ ಸೀನಿಯಾರಿಟಿ ಹೋಗುತ್ತದೆ. ಮಂಗಳೂರು ಕಡೆ ಡಿಗ್ರಿ ಮಾಡಿದ್ದರೆ ಅದಕ್ಕೆ ಇಲ್ಲಿ ಮಾನ್ಯತೆಯ ಪತ್ರ ಕೇಳುವುದುಂಟು, ಆ ಕಾಗದವನ್ನು ಮೊದಲೇ ಮಾಡಿಸಿಡಿ. ಟೀಚರ್ ಆಗಬೇಕು ಅಂತಿದ್ದರೆ ಬಿಎಡ್ ಜೊತೆ ಕೆ-ಟೆಟ್, ಅಂದರೆ ಕೇರಳದ ಅಧ್ಯಾಪಕ ಅರ್ಹತಾ ಪರೀಕ್ಷೆ, ಕೂಡ ಬೇಕು.

ನೀವು ಏನು ಓದಿದ್ದು ಅಂತ ಬರೆದಿಲ್ಲ. ಬಿಎಡ್ ಆಗಿದ್ದರೆ ಮೇ ಕೊನೆಯ ವಾರ ನಿಮ್ಮ ಹತ್ತಿರದ ನಾಲ್ಕೈದು ಶಾಲೆಗಳಿಗೆ ಹೋಗಿ ಹೆಡ್‌ಮಾಷ್ಟ್ರನ್ನು ಕಂಡು ಬನ್ನಿ, ಪೇಪರಿನಲ್ಲಿ ಬರುವ ತನಕ ಕಾಯಬೇಡಿ. ಗಣಿತ ಅಥವಾ ಸಯನ್ಸ್ ಆದರೆ ಖಂಡಿತ ಹೋಗಿ. ನನ್ನ ಹತ್ತಿರ ಆರರಿಂದ ಹತ್ತರವರೆಗಿನ ಗಣಿತದ ಪಾಠದ ಟಿಪ್ಪಣಿ ಕನ್ನಡದಲ್ಲೇ ಬರೆದದ್ದು ಇದೆ. ಬೇಕಿದ್ದರೆ ಕೇಳಿ, ಕಳಿಸುತ್ತೇನೆ.