ವ್ಯಾನ್ ಗೋ ಬಿಡಿಸಿದ ಖಾಲಿ ಕುರ್ಚಿಯಲ್ಲಿ ಅಂಥದ್ದೇನಿದೆ?

ಸೂರ್ಯಕಾಂತಿ ಚಿತ್ರವಾದರೂ ಚೆಂದ, ಆದರೆ ಒಂದು ಖಾಲಿ ಕುರ್ಚಿಗೆ ಯಾಕಿಷ್ಟು ಹೆಸರು, ಅದೂ ಮಕ್ಕಳು ಬಿಡಿಸಿದ ಹಾಗೆ ಸೊಟ್ಟಗಿದೆ ಅಂತ ಕೇಳಿದ್ದೀರಿ. ಸೊಟ್ಟಗಿರೋದು ನಿಜ. ಆದರೆ ಅದಕ್ಕೊಂದು ಜೋಡಿ ಕುರ್ಚಿ ಇದೆ, ಎರಡನ್ನೂ ಒಟ್ಟಿಗೆ ನೋಡಬೇಕು.

1888ರಲ್ಲಿ ಡಚ್ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ ದಕ್ಷಿಣ ಫ್ರಾನ್ಸಿನ ಆರ್ಲ್ ಊರಲ್ಲಿ ಒಂದು ಹಳದಿ ಮನೆ ಬಾಡಿಗೆಗೆ ಹಿಡಿದಿದ್ದ. ಕಲಾವಿದರೆಲ್ಲ ಬಂದು ಅಲ್ಲಿ ಒಟ್ಟಿಗಿರಬೇಕು ಅನ್ನೋದು ಅವನ ಆಸೆ. ಬಂದು ಉಳಿದದ್ದು ಮಾತ್ರ ಫ್ರೆಂಚ್ ಚಿತ್ರಕಾರ ಪಾಲ್ ಗೋಗ್ಯಾನ್ ಒಬ್ಬನೇ. ಅದಕ್ಕೇ ಇವನ ಸಡಗರ ನೋಡಬೇಕು! ತಮ್ಮ ಥಿಯೋ ಕಳಿಸೋ ದುಡ್ಡಲ್ಲಿ ಬದುಕುತ್ತಿದ್ದವನು, ಆ ಮನೆಗೆ 12 ಕುರ್ಚಿ ತಂದ. ಗೋಡೆ ಬೋಳಾಗಿರಬಾರದು ಅಂತ ಆಗಸ್ಟ್‌ನಲ್ಲಿ ಸೂರ್ಯಕಾಂತಿ ಬಿಡಿಸಲು ಕೂತ. ಹೂವು ಬೇಗ ಬಾಡುತ್ತವಲ್ಲ, ಹಾಗಾಗಿ ಬೆಳಕು ಹರಿಯುತ್ತಲೇ ಕೆಲಸ ಶುರು. ಜಗತ್ತಿಗೆಲ್ಲ ಗೊತ್ತಿರೋ ಆ ಹೂವುಗಳು ಮೊದಲು ನೆಂಟನ ಕೋಣೆಯ ಅಲಂಕಾರಕ್ಕೆ ಅಂತಲೇ ಹುಟ್ಟಿದ್ದು.

ಗೋಗ್ಯಾನ್ ಬಂದದ್ದು ಅಕ್ಟೋಬರ್‌ನಲ್ಲಿ. ಕುರ್ಚಿಗಳ ಚಿತ್ರ ಶುರುವಾಗಿದ್ದು ನವೆಂಬರ್‌ನಲ್ಲಿ. ತನ್ನದು ಅಂತ ಬಿಡಿಸಿದ್ದು ಹುಲ್ಲು ಹೆಣೆದ, ಕೈ ಇಲ್ಲದ ಸಾದಾ ಕುರ್ಚಿ. ಮೇಲೆ ಪೈಪು, ತಂಬಾಕು. ಕೆಳಗೆ ಕೆಂಪು ಹೆಂಚಿನ ನೆಲ, ಹಗಲಿನ ಬೆಳಕು. ಹಿಂದೆ ಮೊಳಕೆ ಬಂದ ಈರುಳ್ಳಿ ಇಟ್ಟ ಪೆಟ್ಟಿಗೆ, ಅದರ ಮೇಲೆ 'ವಿನ್ಸೆಂಟ್' ಅಂತ ಸಹಿ. ಗೋಗ್ಯಾನನಿಗೆ ಕೈ ಇರೋ ದೊಡ್ಡ ಕುರ್ಚಿ, ಅದರ ಮೇಲೆ ಉರಿಯುವ ಮೇಣದಬತ್ತಿ ಮತ್ತು ಎರಡು ಕಾದಂಬರಿ, ಹಸಿರು ಗೋಡೆ, ರಾತ್ರಿ. ಒಬ್ಬ ಹೇಗೆ, ಇನ್ನೊಬ್ಬ ಹೇಗೆ ಅಂತ ಮುಖ ತೋರಿಸದೇ ಹೇಳಿದ್ದಾನೆ. ನನಗೆ ಗೋಗ್ಯಾನನ ಕುರ್ಚಿ ಸ್ವಲ್ಪ ನಾಟಕ ಅನ್ನಿಸುತ್ತದೆ, ಈರುಳ್ಳಿ ಇರೋದೇ ಇಷ್ಟ. ಡಿಸೆಂಬರ್‌ನಲ್ಲಿ ಇಬ್ಬರಿಗೂ ಜಗಳವಾಗಿ ವ್ಯಾನ್ ಗೋ ತನ್ನ ಕಿವಿ ಕೊಯ್ದುಕೊಂಡ, ಗೋಗ್ಯಾನ್ ಊರು ಬಿಟ್ಟ. ಆ ಕತೆ ನಿಮಗೂ ಗೊತ್ತಿರುತ್ತದೆ.

ಇನ್ನು ಸೊಟ್ಟದ ಮಾತು. ಅವನಿಗೆ ನೇರ ಗೆರೆ ಬರುತ್ತಿರಲಿಲ್ಲ ಅಂತಲ್ಲ. ಅವನ ಹಳೇ ಪೆನ್ಸಿಲ್ ಚಿತ್ರಗಳನ್ನು ಹುಡುಕಿ ನೋಡಿ, ಅಳತೆ ಸರಿಯಾಗೇ ಇರುತ್ತದೆ. ಇಲ್ಲಿ ನೆಲವನ್ನೇ ನಮ್ಮ ಕಡೆ ಎತ್ತಿ ಓರೆ ಮಾಡಿದ್ದಾನೆ, ಹಾಗಾಗಿ ಕುರ್ಚಿ ಮುಂದೆ ಬಂದು ನಿಂತ ಹಾಗಿರುತ್ತದೆ. ಮೊಬೈಲಲ್ಲಿ ಕಾಣದ ಇನ್ನೊಂದು ವಿಷಯ ಬಣ್ಣದ ದಪ್ಪ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರೋ ಸೂರ್ಯಕಾಂತಿಯ ಬೀಜದ ಭಾಗಕ್ಕೆ ಬಣ್ಣವನ್ನು ಚುಕ್ಕೆ ಚುಕ್ಕೆಯಾಗಿ ಮೆತ್ತಿದ್ದಾನೆ, ಪಕ್ಕದಿಂದ ನೋಡಿದರೆ ಉಬ್ಬು ಕಾಣುತ್ತದೆ. ಅವನು ಬಳಸಿದ ಕ್ರೋಮ್ ಹಳದಿ ಬೆಳಕಿಗೆ ಕಂದುವ ಬಣ್ಣ ಬೇರೆ. ಅಂದರೆ ಅವನು ಕಂಡ ಹಳದಿ ಈಗ ನಾವು ನೋಡೋದಕ್ಕಿಂತ ಜೋರಾಗಿತ್ತು.

ಅವನ ಕುರ್ಚಿಯೂ ಅದೇ ಗ್ಯಾಲರಿಯದು. ಗೋಗ್ಯಾನನದು ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ಮ್ಯೂಸಿಯಂನಲ್ಲಿದೆ. ಎರಡರ ವೆಬ್‌ಸೈಟಲ್ಲೂ ದೊಡ್ಡ ಫೋಟೋ ಸಿಗುತ್ತದೆ, ಜೂಮ್ ಮಾಡಿ ಮೊದಲು ಈರುಳ್ಳಿ ಪೆಟ್ಟಿಗೆ ನೋಡಿ.