ಕುಬರ್ನೆಟಿಸ್ ಡಾಕ್ಯುಮೆಂಟೇಷನ್ ಕೆಲಸದ ಮೊದಲ ತಿಂಗಳು

ಅನೇಕ ಕಂಪ್ಯೂಟರ್‌ಗಳ ಮೇಲೆ ಅಪ್ಲಿಕೇಶನ್‌ಗಳನ್ನು ಓಡಿಸಿ ನಿರ್ವಹಿಸುವ ಮುಕ್ತ ತಂತ್ರಾಂಶವಾದ ಕುಬರ್ನೆಟಿಸ್ ಯೋಜನೆಗೆ ಮುಂದಿನ ವಾರ ತಾಂತ್ರಿಕ ಬರಹಗಾರರಾಗಿ ಸೇರುತ್ತಿರುವ ನೀವು, ಮೊದಲ ತಿಂಗಳಲ್ಲೇ ಹೊಸ ಪುಟ ಬರೆದು ತೋರಿಸಬೇಕೇ ಎಂದು ಕೇಳಿದ್ದೀರಿ. ಅದಕ್ಕೆ ಅವಸರ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಮೊದಲು ನಿಮ್ಮದೇ ಕಂಪ್ಯೂಟರ್‌ನಲ್ಲಿ ಕುಬರ್ನೆಟಿಸ್ ಓಡಿಸಿ ಕಲಿಯಲು ನೆರವಾಗುವ ಮಿನಿಕ್ಯೂಬ್ ಅಳವಡಿಸಿಕೊಂಡು, ಆರಂಭಿಕ ಟ್ಯುಟೋರಿಯಲ್‌ಗಳ ಪ್ರತಿಯೊಂದು ಕಮಾಂಡನ್ನೂ ಸ್ವತಃ ಟೈಪ್ ಮಾಡುತ್ತಾ, ಎಲ್ಲೆಲ್ಲಿ ಎಡವಿದಿರಿ ಎಂಬುದನ್ನು ಅಂದಂದೇ ಬರೆದಿಟ್ಟುಕೊಳ್ಳಿ. ಏಕೆಂದರೆ ಹೊಸಬರ ಕಣ್ಣು ಕೆಲವೇ ವಾರಗಳಲ್ಲಿ ಮಾಯವಾಗುತ್ತದೆ, ಮತ್ತೆ ಅದನ್ನು ಪಡೆಯುವುದು ಬಹಳ ಕಷ್ಟ. ಆ ಟಿಪ್ಪಣಿಗಳಿಂದಲೇ ಸಣ್ಣ ಸಣ್ಣ ತಿದ್ದುಪಡಿಗಳು ಹುಟ್ಟುತ್ತವೆ.

ಹೆಚ್ಚಿನ ಪುಟಗಳು ಮಾರ್ಕ್‌ಡೌನ್ ಎಂಬ ಸರಳ ಪಠ್ಯ ಶೈಲಿಯಲ್ಲಿ, ಗಿಟ್‌ಹಬ್ ಜಾಲತಾಣದ ಪ್ರತ್ಯೇಕ ರೆಪಾಸಿಟರಿಯಲ್ಲಿ (ಕಡತಗಳ ಸಂಗ್ರಹದಲ್ಲಿ) ಇವೆ; ಹ್ಯೂಗೋ ಎಂಬ ತಂತ್ರಾಂಶ ಅವುಗಳಿಂದ ಜಾಲತಾಣವನ್ನು ಕಟ್ಟುತ್ತದೆ. ಕೊಡುಗೆದಾರರ ಒಪ್ಪಂದಕ್ಕೆ ಸಹಿ ಮಾಡದೆ ಯಾವ ತಿದ್ದುಪಡಿಯೂ ಸೇರ್ಪಡೆಯಾಗದು. ಭಾಷೆಯನ್ನು ಡಾಕ್ಯುಮೆಂಟೇಷನ್ ತಂಡ ನೋಡುತ್ತದೆ, ಆದರೆ ತಾಂತ್ರಿಕ ಸತ್ಯಾಸತ್ಯತೆಯನ್ನು ಆಯಾ ಸೌಲಭ್ಯ ರೂಪಿಸಿದ ಗುಂಪಿನವರೇ ಹೇಳಬಲ್ಲರು. ಅವರ ಪರಿಚಯ ಬೇಗ ಮಾಡಿಕೊಳ್ಳಿ.

ನಾನು ಹಿಂದೆ ಬೇರೊಂದು ಯೋಜನೆಯಲ್ಲಿ ಇಡೀ ಅಧ್ಯಾಯವನ್ನು ಒಮ್ಮೆಲೇ ತಿದ್ದಿ ಕಳುಹಿಸಿದ್ದೆ. ಅಷ್ಟನ್ನು ಪರಿಶೀಲಿಸಲು ಸ್ವಯಂಸೇವಕರಿಗೆ ಪುರುಸೊತ್ತಿರಲಿಲ್ಲ, ಅದು ತಿಂಗಳುಗಟ್ಟಲೆ ಹಾಗೆಯೇ ಉಳಿಯಿತು. ಹಾಗಾಗಿ ಒಂದು ಪುಲ್ ರಿಕ್ವೆಸ್ಟ್‌ನಲ್ಲಿ (ತಿದ್ದುಪಡಿ ಸೇರಿಸಿಕೊಳ್ಳಿ ಎಂದು ಕಳುಹಿಸುವ ಕೋರಿಕೆಯಲ್ಲಿ) ಒಂದೇ ವಿಷಯವಿರಲಿ. ಪರಿಕಲ್ಪನೆ ವಿವರಿಸುವ ಪುಟ, ಕೆಲಸದ ಹಂತಗಳನ್ನು ಹೇಳುವ ಪುಟ ಎಂಬ ವಿಂಗಡಣೆಯನ್ನು ಕುಬರ್ನೆಟಿಸ್‌ನಲ್ಲಿ ಕಟ್ಟುನಿಟ್ಟಾಗಿ ಪಾಲಿಸುವುದರಿಂದ, ಎರಡನ್ನೂ ಬೆರೆಸಬೇಡಿ.